ಬಾತುಕೋಳಿ ನುಂಗುವ ಕಲ್ಲು: ಯಾವುದು ಹಿತ, ಯಾವುದು ಅಪಾಯ?

ಬಳ್ಳಾರಿ ಕಂಟೋನ್ಮೆಂಟಿನ ಹಿತ್ತಲಲ್ಲಾಗಲಿ, ತುಂಗಭದ್ರಾ ಕಾಲುವೆಯ ನೀರುಣ್ಣುವ ಸಿರುಗುಪ್ಪದ ಗದ್ದೆಯಲ್ಲಾಗಲಿ, ಬಾತುಕೋಳಿ ಹರಳು ನುಂಗಿತೆಂದು ಗಾಬರಿಪಡಬೇಕಾಗಿಲ್ಲ. ಅದಕ್ಕೆ ಹಲ್ಲಿಲ್ಲ; ಕಾಳು ಅರೆಯಲು ಅದರ ಕಲ್ಲುಹೊಟ್ಟೆಗೆ ಮರಳು, ಸಣ್ಣ ಹರಳು ಬೇಕು.

ಅಪಾಯವಿರುವುದು ಮೊಳೆ, ತಂತಿಚೂರು, ಸೀಸದ ಗುಂಡುಗಳಿಂದ. ಕೆಸರಿನಲ್ಲಿ ಕೊಕ್ಕಾಡಿಸುವಾಗ ಇವೂ ಹೊಟ್ಟೆ ಸೇರುತ್ತವೆ. ಮೊಳೆಯು ಕಲ್ಲುಹೊಟ್ಟೆಯನ್ನು ಚುಚ್ಚಿ ತೂತು ಮಾಡಬಲ್ಲದು. ಸೀಸವು ಅಲ್ಲಿ ಸವೆದು, ಆಮ್ಲದಲ್ಲಿ ಕರಗಿ, ರಕ್ತಕ್ಕಿಳಿದು ವಿಷವಾಗುತ್ತದೆ. ಮೇವು ಬಿಡುವುದು, ಹಸಿರು ಹಿಕ್ಕೆ, ಜೋತುಬಿದ್ದ ರೆಕ್ಕೆ, ತಡವರಿಸುವ ನಡಿಗೆ ಇದರ ಲಕ್ಷಣಗಳು. ಆಗ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರಿಗೆ ತೋರಿಸಬೇಕು. ಕ್ಷಕಿರಣ ಚಿತ್ರದಲ್ಲಿ ಲೋಹ ಕಾಣುತ್ತದೆ.

ಮನೆ ದುರಸ್ತಿಯಾದ ಮೇಲೆ ಅಂಗಳದಲ್ಲಿ ಅಯಸ್ಕಾಂತ ಆಡಿಸಿ ಮೊಳೆ ಆರಿಸಬೇಕು. ಸೀಸ ಅಯಸ್ಕಾಂತಕ್ಕೆ ಅಂಟದು, ಕಣ್ಣಿಟ್ಟು ಹುಡುಕಬೇಕು. ಮೇವನ್ನು ತೊಟ್ಟಿಯಲ್ಲೇ ಹಾಕಿ, ಪಕ್ಕದಲ್ಲಿ ತೊಳೆದ ದಪ್ಪ ಮರಳಿಡಬೇಕು.