ರೋಗಿಯ ಸಮ್ಮತಿ

1844ರ ಡಿಸೆಂಬರ್ 11ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದ ದಂತವೈದ್ಯನಾದ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಾಡಿ, ತನ್ನದೇ ಹಲ್ಲೊಂದನ್ನು ಇನ್ನೊಬ್ಬ ವೈದ್ಯನಿಂದ ಕೀಳಿಸಿಕೊಂಡನು. ನೋವಿನ ಅರಿವೇ ಅವನಿಗಾಗಲಿಲ್ಲ. ನೋವನ್ನು ಮರೆಸುವ ವಿದ್ಯೆ ಮಾನವನಿಗೆ ದೊರೆತ ಒಂದು ದೊಡ್ಡ ವರ. ಆದರೆ ಆ ವರದೊಡನೆ ಒಂದು ಪ್ರಶ್ನೆಯೂ ಬಂದಿತು. ಮೈಮರೆತು ಮಲಗಿದವನ ದೇಹದ ವಿಷಯದಲ್ಲಿ ನಿರ್ಧಾರ ಕೈಗೊಳ್ಳುವವರು ಯಾರು?

ಒಸಡಿನ ಕಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಸಡು ಹಲ್ಲಿನ ಬುಡವನ್ನು ಕಾಯುವ ಕವಚ. ಒಸಡಿನ ರೋಗದಿಂದಲೋ, ಬಹುಕಾಲ ಒರಟಾಗಿ ಹಲ್ಲುಜ್ಜುವುದರಿಂದಲೋ ಅದು ಹಿಂದೆ ಸರಿದರೆ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ತಣ್ಣೀರು ತಗುಲಿದರೂ ಹಲ್ಲು ಜುಮ್ಮೆನ್ನುತ್ತದೆ. ಇಂತಹ ಸಂದರ್ಭದಲ್ಲಿ ವೈದ್ಯರು ಸಾಮಾನ್ಯವಾಗಿ ರೋಗಿಯ ಅಂಗುಳಿನಿಂದಲೇ ತೆಳುವಾದ ಅಂಗಾಂಶವನ್ನು ತೆಗೆದು ಬೇರಿನ ಮೇಲೆ ಹೊಲಿಯುತ್ತಾರೆ. ಆಗ ಬಾಯಿಯಲ್ಲಿ ಎರಡು ಕಡೆ ಗಾಯ ಮಾಯಬೇಕಾಗುತ್ತದೆ. ಕೆಲವೊಮ್ಮೆ ಕಸಿ ಹಿಡಿಯದೆ ಹೋಗುವುದೂ ಉಂಟು.

ನೋವು, ಭಯಗಳನ್ನು ನೀಗಲು ಹಲವು ಮಾರ್ಗಗಳಿವೆ. ಚುಚ್ಚುಮದ್ದಿನಿಂದ ಆ ಭಾಗವನ್ನು ಮಾತ್ರ ಮರಗಟ್ಟಿಸಿದರೆ ರೋಗಿ ಪೂರ್ಣ ಎಚ್ಚರದಲ್ಲಿರುತ್ತಾನೆ. ಬಹುಮಂದಿಗೆ ಇಷ್ಟೇ ಸಾಕು. ಹೆಚ್ಚು ಅಂಜುವವರಿಗೆ ಇದರ ಜೊತೆಗೆ ಆಮ್ಲಜನಕ ಬೆರೆತ ನೈಟ್ರಸ್ ಆಕ್ಸೈಡನ್ನು ಮೂಗಿನ ಮೂಲಕ ಕೊಡಬಹುದು. ಅದರ ಪ್ರಭಾವ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಮಾತ್ರೆಯಿಂದ ಬರುವ ಮಂಪರು ಗಂಟೆಗಳ ಕಾಲ ಉಳಿಯಬಹುದಾದ್ದರಿಂದ ಮನೆಗೆ ಕರೆದೊಯ್ಯಲು ಜೊತೆಗಾರರು ಬೇಕು. ರಕ್ತನಾಳದ ಮೂಲಕ ಔಷಧ ಕೊಟ್ಟಾಗ ಮಂಪರು ಇನ್ನೂ ಗಾಢವಾಗಬಹುದು. ಆಗ ರೋಗಿಯ ಉಸಿರಾಟವನ್ನೂ ನಾಡಿಯನ್ನೂ ತರಬೇತಾದವರು ಎಡೆಬಿಡದೆ ಗಮನಿಸಬೇಕು.

ಈ ಸಂಗತಿಗಳನ್ನೆಲ್ಲ ರೋಗಿ ಮೊದಲೇ ತಿಳಿಯಬೇಕು. ಚಿಕಿತ್ಸೆ ಏಕೆ ಬೇಕು, ಅದರ ಅಪಾಯಗಳೇನು, ಬೇರೆ ಮಾರ್ಗಗಳಿವೆಯೇ, ಮಾಡಿಸದಿದ್ದರೆ ಏನಾದೀತು ಎಂಬುದನ್ನು ವೈದ್ಯರು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಮಂಪರಿನ ಔಷಧ ಕೊಡುವ ಮೊದಲೇ ಈ ಮಾತುಕತೆ ಮುಗಿಯಬೇಕು. ಮಂಪರಿನಲ್ಲಿರುವವನು ತೂಗಿನೋಡಿ ನಿರ್ಧರಿಸಲಾರನು.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಇಂತಹದೇ ಪ್ರಶ್ನೆಯನ್ನು ವಿಚಾರಿಸಿತು. ರೋಗವನ್ನು ಪತ್ತೆಹಚ್ಚುವ ಪರೀಕ್ಷೆಗೆಂದು ಒಪ್ಪಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ, ಅವರ ತಾಯಿಯ ಒಪ್ಪಿಗೆ ಪಡೆದು ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ನಡೆಸಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ವಯಸ್ಕ ರೋಗಿ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿತ್ತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು ಎಂದು ನ್ಯಾಯಾಲಯ ತೀರ್ಪಿತ್ತಿತು. ತಾಯಿಯ ಒಪ್ಪಿಗೆಯೂ ಮಗಳ ಒಪ್ಪಿಗೆಗೆ ಸಮನಾಗಲಿಲ್ಲ.

ಸಮ್ಮತಿಪತ್ರದ ಮೇಲಿನ ಸಹಿ ನಡೆದ ಮಾತುಕತೆಗೆ ಸಾಕ್ಷಿ ಮಾತ್ರ. ಮಾತುಕತೆಯೇ ನಡೆಯದಿದ್ದರೆ ಆ ಸಾಕ್ಷಿಗೆ ಬೆಲೆಯಿಲ್ಲ. ಪ್ರಶ್ನೆ ಕೇಳುವ ರೋಗಿ ವೈದ್ಯರನ್ನು ಅವಮಾನಿಸುವುದಿಲ್ಲ. ಉತ್ತರಿಸುವ ವೈದ್ಯರು ಕಾಲವನ್ನು ವ್ಯರ್ಥಗೊಳಿಸುವುದೂ ಇಲ್ಲ. ಔಷಧ ದೇಹವನ್ನು ಮಲಗಿಸಬಹುದು. ಆ ದೇಹದ ಮೇಲೆ ಮನುಷ್ಯನಿಗಿರುವ ಹಕ್ಕು ಮಾತ್ರ ಮಲಗುವುದಿಲ್ಲ.