ಡಿಎಲ್‌ಎನ್‌ಎ ಮಾಧ್ಯಮ ಹಂಚಿಕೆ

ಡಿಎಲ್‌ಎನ್‌ಎ ಎಂಬುದು ಒಂದೇ ಮನೆಯ ಜಾಲಕ್ಕೆ ಸೇರಿದ ಸ್ಮಾರ್ಟ್‌ಫೋನ್, ಟಿವಿ, ಕಂಪ್ಯೂಟರ್ ಮೊದಲಾದ ಸಾಧನಗಳು ತಮ್ಮಲ್ಲಿರುವ ಛಾಯಾಚಿತ್ರ, ಹಾಡು ಹಾಗೂ ವಿಡಿಯೋಗಳನ್ನು ಒಂದಕ್ಕೊಂದು ಒದಗಿಸಲು ನೆರವಾಗುವ ತಾಂತ್ರಿಕ ನಿಯಮಾವಳಿ. ಡಿಜಿಟಲ್ ಲಿವಿಂಗ್ ನೆಟ್‌ವರ್ಕ್ ಅಲೈಯನ್ಸ್ ಎಂಬ ಕೂಟವು ಇದನ್ನು ರೂಪಿಸಿದ್ದರಿಂದ ಕೂಟದ ಹ್ರಸ್ವನಾಮವೇ ನಿಯಮಾವಳಿಗೂ ಬಳಕೆಯಲ್ಲಿ ನಿಂತಿತು. ಫೋನಿನಲ್ಲಿ ಚಿತ್ರೀಕರಿಸಿದ ಮದುವೆಯ ವಿಡಿಯೋವನ್ನು ತಂತಿಯಾಗಲಿ ಪೆನ್‌ಡ್ರೈವ್ ಆಗಲಿ ಇಲ್ಲದೆ ನಡುಮನೆಯ ಟಿವಿಯಲ್ಲಿ ನೋಡುವುದು ಇದರ ಸಾಮಾನ್ಯ ಉಪಯೋಗ.

ಈ ವಿಧಾನದಲ್ಲಿ ಕಡತವು ಫೋನಿನಲ್ಲಿಯೇ ಉಳಿಯುತ್ತದೆ. ಟಿವಿಯಲ್ಲಿ ಅದರ ಪ್ರತಿ ಉಳಿಯುವುದಿಲ್ಲ; ನೋಡುತ್ತಿರುವಷ್ಟು ಹೊತ್ತು ದತ್ತಾಂಶವು ಹರಿದು ಬರುತ್ತದೆ, ಅಷ್ಟೆ. ಅಂತರಜಾಲ ಸಂಪರ್ಕವೂ ಬೇಕಾಗಿಲ್ಲ. ವೈ-ಫೈ ಎಂದರೆ ಅಂತರಜಾಲವೇ ಎಂದು ಭಾವಿಸುವ ರೂಢಿಯಿದೆ. ಆದರೆ ರೂಟರ್‌ಗೆ ಹೊರಗಿನಿಂದ ಬರುವ ಸಂಪರ್ಕ ಕಡಿದುಹೋಗಿದ್ದರೂ ಮನೆಯೊಳಗಿನ ಸಾಧನಗಳು ಪರಸ್ಪರ ವ್ಯವಹರಿಸಬಲ್ಲವು. ಆದ್ದರಿಂದ ಇಂತಹ ಹಂಚಿಕೆಗೆ ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ.

ಕಾರ್ಯವಿಧಾನ

ಡಿಎಲ್‌ಎನ್‌ಎ ತಾನಾಗಿಯೇ ಹೊಸ ಭಾಷೆಯೊಂದನ್ನು ಸೃಷ್ಟಿಸಲಿಲ್ಲ. ಯುಪಿಎನ್‌ಪಿ, ಅಂದರೆ ಯೂನಿವರ್ಸಲ್ ಪ್ಲಗ್ ಆ್ಯಂಡ್ ಪ್ಲೇ ಎಂಬ ಹಿಂದಿನ ವ್ಯವಸ್ಥೆಯನ್ನೇ ಆಧಾರವಾಗಿ ಇಟ್ಟುಕೊಂಡು, ಬೇರೆ ಬೇರೆ ತಯಾರಕರ ಸಾಧನಗಳು ಅದನ್ನು ಒಂದೇ ರೀತಿಯಲ್ಲಿ ಪಾಲಿಸುವಂತೆ ಕಟ್ಟುಪಾಡುಗಳನ್ನು ವಿಧಿಸಿತು.

ಫೋನಿನಲ್ಲಿ ಹಂಚಿಕೆಯ ಸೌಲಭ್ಯವನ್ನು ಚಾಲೂ ಮಾಡಿದೊಡನೆ ಅದು 239.255.255.250 ಎಂಬ ಸಾಮೂಹಿಕ ವಿಳಾಸಕ್ಕೆ, 1900ನೆಯ ಪೋರ್ಟ್ ಮೂಲಕ, ತಾನು ಇಲ್ಲಿರುವೆನೆಂಬ ಪ್ರಕಟಣೆಯನ್ನು ಕಳುಹಿಸುತ್ತದೆ. ಇದು ಊರಿನಲ್ಲಿ ಡಂಗುರ ಸಾರಿದಂತೆ: ಯಾರೊಬ್ಬರ ಹೆಸರನ್ನೂ ಹಿಡಿದು ಕರೆಯುವುದಿಲ್ಲ, ಕೇಳಿಸಿಕೊಳ್ಳಲು ಸಿದ್ಧವಾಗಿರುವ ಎಲ್ಲರಿಗೂ ಕೇಳುತ್ತದೆ. ಪ್ರಕಟಣೆಯನ್ನು ಗಮನಿಸಿದ ಟಿವಿಯು ಫೋನಿನಿಂದ ಅದರ ವಿವರಣೆಯನ್ನು ಪಡೆಯುತ್ತದೆ, ಅನಂತರ ಕಡತಗಳ ಪಟ್ಟಿಯನ್ನು ಕೇಳುತ್ತದೆ. ವೀಕ್ಷಕರು ಪಟ್ಟಿಯಲ್ಲಿ ಒಂದನ್ನು ಆರಿಸಿದಾಗ ಟಿವಿಯು, ಜಾಲತಾಣವೊಂದರ ಪುಟವನ್ನು ಬ್ರೌಸರ್ ತರಿಸಿಕೊಳ್ಳುವಂತೆಯೇ, ಎಚ್‌ಟಿಟಿಪಿ ಮೂಲಕ ಆ ಕಡತವನ್ನು ಬೇಡುತ್ತದೆ. ಕಡತದ ಇಂತಿಷ್ಟು ಭಾಗ ಮಾತ್ರ ಸಾಕೆಂದು ಕೇಳುವ ಅವಕಾಶ ಎಚ್‌ಟಿಟಿಪಿಯಲ್ಲಿ ಇರುವುದರಿಂದಲೇ ವಿಡಿಯೋವನ್ನು ಮುಂದಕ್ಕೆ ಹಿಂದಕ್ಕೆ ಓಡಿಸಲು ಸಾಧ್ಯವಾಗುತ್ತದೆ.

ಸಾಧನಗಳಿಗೆ ಇಲ್ಲಿ ಬೇರೆ ಬೇರೆ ಪಾತ್ರಗಳಿವೆ. ಕಡತಗಳನ್ನು ಇಟ್ಟುಕೊಂಡು ಒದಗಿಸುವುದು ಸರ್ವರ್. ಪಟ್ಟಿಯನ್ನು ತಾನೇ ನೋಡಿ ಆರಿಸಿ ನುಡಿಸುವುದು ಪ್ಲೇಯರ್. ಇನ್ನೊಬ್ಬರು ಹೇಳಿದ್ದನ್ನು ನುಡಿಸುವುದು ರೆಂಡರರ್. ಯಾವುದನ್ನು ಎಲ್ಲಿ ನುಡಿಸಬೇಕೆಂದು ಆಜ್ಞಾಪಿಸುವುದು ಕಂಟ್ರೋಲರ್. ಒಂದೇ ಫೋನು ಏಕಕಾಲದಲ್ಲಿ ಸರ್ವರ್ ಆಗಿಯೂ ಕಂಟ್ರೋಲರ್ ಆಗಿಯೂ ವರ್ತಿಸಬಲ್ಲದು. ಕಡತಗಳು ಮನೆಯ ಕಂಪ್ಯೂಟರಿನಲ್ಲಿದ್ದು, ನುಡಿಸುವುದು ಟಿವಿಯಾಗಿ, ಫೋನು ಬರಿಯ ರಿಮೋಟಿನಂತೆ ಕೆಲಸ ಮಾಡುವುದೂ ಉಂಟು.

ಇತಿಹಾಸ

ಸೋನಿ, ಇಂಟೆಲ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳು 2003ರಲ್ಲಿ ಡಿಜಿಟಲ್ ಹೋಮ್ ವರ್ಕಿಂಗ್ ಗ್ರೂಪ್ ಎಂಬ ಹೆಸರಿನಲ್ಲಿ ಈ ಕೂಟವನ್ನು ಆರಂಭಿಸಿದವು. 2004ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು, ಮೊದಲ ಮಾರ್ಗಸೂಚಿಯೂ ಹೊರಬಂದಿತು. ಫೋನುಗಳ ಪೈಕಿ 2006ರ ನೋಕಿಯಾ ಎನ್80 ಯುಪಿಎನ್‌ಪಿಯನ್ನು ಅಳವಡಿಸಿಕೊಂಡ ಮೊದಲಿನದೆಂದು ಹೆಸರಾಗಿದೆ. 2009ರ ವಿಂಡೋಸ್ 7 ಈ ಸೌಲಭ್ಯವನ್ನು ಕಂಪ್ಯೂಟರಿನಲ್ಲಿ ಸುಲಭಗೊಳಿಸಿತು. ಸ್ಯಾಮ್‌ಸಂಗ್ ಕಂಪನಿಯು ಇದನ್ನೇ ಆಲ್‌ಶೇರ್ ಎಂಬ ಹೆಸರಿನಲ್ಲಿ ತನ್ನ ಫೋನು ಮತ್ತು ಟಿವಿಗಳಲ್ಲಿ ನೀಡಿತು. ಒಂದೇ ತಂತ್ರಕ್ಕೆ ಪ್ರತಿ ತಯಾರಕರೂ ತಮ್ಮದೇ ಹೆಸರಿಟ್ಟಿದ್ದು ಬಳಕೆದಾರರನ್ನು ಗೊಂದಲಗೊಳಿಸಿತೇ ಹೊರತು ಬೇರೆ ಪ್ರಯೋಜನವಾಗಲಿಲ್ಲ.

2010ರಲ್ಲಿ ಆ್ಯಪಲ್‌ನ ಏರ್‌ಪ್ಲೇ, 2013ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಬಂದವು. ಜನರ ನೋಟವೂ ಸ್ವಂತ ಕಡತಗಳಿಂದ ಅಂತರಜಾಲದ ವಿಡಿಯೋಗಳತ್ತ ಹೊರಳಿತು. ಕೂಟವು 2017ರ ಜನವರಿಯಲ್ಲಿ ವಿಸರ್ಜನೆಗೊಂಡಿತು. ನಿಯಮಾವಳಿ ಮಾತ್ರ ಅಳಿಯಲಿಲ್ಲ. ಅದನ್ನು ಪಾಲಿಸುವ ಟಿವಿಗಳೂ ವಿಎಲ್‌ಸಿ, ಕೋಡಿ, ಬಬಲ್‌ಯುಪಿಎನ್‌ಪಿಯಂತಹ ತಂತ್ರಾಂಶಗಳೂ ಬಳಕೆಯಲ್ಲಿವೆ.

ಬಳಕೆ ಮತ್ತು ತೊಡಕುಗಳು

ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಸೌಲಭ್ಯ ತಯಾರಕರಿಂದಲೇ ಬಂದಿರುತ್ತದೆ. ಉಳಿದವುಗಳಿಗೆ ಆ್ಯಪ್ ಹಾಕಿಕೊಳ್ಳಬೇಕಾಗುತ್ತದೆ. ಐಫೋನಿನಲ್ಲಿ ಇದು ಅಂತರ್ಗತವಾಗಿಲ್ಲ. ಆ್ಯಪ್ ಮೂಲಕ ಬಳಸುವಾಗಲೂ, 2020ರ ಐಓಎಸ್ 14ರಿಂದ ಈಚೆಗೆ, ಸ್ಥಳೀಯ ಜಾಲವನ್ನು ಹುಡುಕಲು ಅನುಮತಿ ನೀಡಬೇಕು. ಒಮ್ಮೆ ನಿರಾಕರಿಸಿದರೆ ಆ್ಯಪ್‌ಗೆ ಯಾವ ಟಿವಿಯೂ ಕಾಣುವುದಿಲ್ಲ.

ಸಾಧನಗಳು ಒಂದನ್ನೊಂದು ಕಾಣದಿರುವುದೇ ಸಾಮಾನ್ಯವಾದ ದೂರು. ಮೇಲೆ ಹೇಳಿದ ಪ್ರಕಟಣೆಯು ಒಂದೇ ಜಾಲದ ಎಲ್ಲೆಯೊಳಗೆ ಮಾತ್ರ ಸಂಚರಿಸುತ್ತದೆ. ಫೋನು ಅತಿಥಿಗಳಿಗೆಂದು ಮೀಸಲಾದ ವೈ-ಫೈಗೆ ಸೇರಿದ್ದು ಟಿವಿ ಮುಖ್ಯ ವೈ-ಫೈಗೆ ಸೇರಿದ್ದರೆ ಅವು ಅಪರಿಚಿತವಾಗಿಯೇ ಉಳಿಯುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್ ತರಂಗದಲ್ಲಿರುವುದು ಮಾತ್ರ ಸಾಮಾನ್ಯವಾಗಿ ಅಡ್ಡಿಯಲ್ಲ. ಒಂದೇ ರೂಟರಿನ ಆ ಎರಡೂ ಬಹುತೇಕ ಒಂದೇ ಜಾಲದ ಭಾಗಗಳು. ರೂಟರ್ ಇಲ್ಲದ ಮನೆಯಲ್ಲಿ ಟಿವಿಯನ್ನು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿಸಿ ಕೆಲಸ ಸಾಧಿಸಬಹುದು. ಆಗ ಟಿವಿಯು ತನ್ನ ತಂತ್ರಾಂಶದ ಪರಿಷ್ಕರಣೆಯನ್ನು ಫೋನಿನ ಡೇಟಾದಲ್ಲಿ ಇಳಿಸಿಕೊಳ್ಳದಂತೆ ನೋಡಿಕೊಳ್ಳಬೇಕು.

ವಿಡಿಯೋ ತಡೆತಡೆದು ಬರುವುದಕ್ಕೆ ಬೇರೆಯದೇ ಕಾರಣವಿದೆ. ಫೋನು, ಟಿವಿ ಎರಡೂ ವೈ-ಫೈನಲ್ಲಿದ್ದರೆ ಅದೇ ದತ್ತಾಂಶ ಗಾಳಿಯಲ್ಲಿ ಎರಡು ಬಾರಿ ಸಾಗಬೇಕು: ಫೋನಿನಿಂದ ರೂಟರಿಗೆ, ರೂಟರಿನಿಂದ ಟಿವಿಗೆ. ಟಿವಿಯನ್ನು ರೂಟರಿಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿದರೆ ಈ ಭಾರ ಅರ್ಧಕ್ಕಿಳಿಯುತ್ತದೆ.

ಕಡತದ ನಮೂನೆಯನ್ನು ಟಿವಿ ತಾನೇ ಅರ್ಥ ಮಾಡಿಕೊಳ್ಳಬೇಕು. ಜೆಪೆಗ್ ಚಿತ್ರಗಳು ಬಹುಮಟ್ಟಿಗೆ ಎಲ್ಲೆಡೆ ತೆರೆಯುತ್ತವೆ. ಹೊಸ ಫೋನುಗಳ ಎಚ್‌ಇಐಸಿ ಚಿತ್ರಗಳು ಹಾಗೂ ಎಚ್‌ಇವಿಸಿ ವಿಡಿಯೋಗಳು ಹಳೆಯ ಟಿವಿಗಳಲ್ಲಿ ತೆರೆಯದೆ ಹೋಗಬಹುದು. ಕನ್ನಡ ಲಿಪಿಯಲ್ಲಿ ಹೆಸರಿಟ್ಟ ಕಡತಗಳೂ ಕನ್ನಡ ಅಡಿಬರಹಗಳೂ ಅಕ್ಷರವಿನ್ಯಾಸದ ಬೆಂಬಲವಿಲ್ಲದ ಟಿವಿಗಳಲ್ಲಿ ಬರಿಯ ಚೌಕಗಳಾಗಿ ಇಲ್ಲವೇ ಒತ್ತಕ್ಷರಗಳು ಚದುರಿದಂತೆ ಕಾಣುತ್ತವೆ.

ಸುರಕ್ಷತೆ

ಡಿಎಲ್‌ಎನ್‌ಎ ಹಂಚಿಕೆಗೆ ಸಾಮಾನ್ಯವಾಗಿ ಬಳಕೆದಾರರ ಹೆಸರಾಗಲಿ ಗುಪ್ತಪದವಾಗಲಿ ಇರುವುದಿಲ್ಲ. ಜಾಲದೊಳಗೆ ಇರುವವರೆಲ್ಲರೂ ಮನೆಯವರೇ ಎಂಬ ನಂಬಿಕೆಯ ಮೇಲೆ ಇದು ನಿಂತಿದೆ. ಒಂದೇ ಕುಟುಂಬದ ಮನೆಯಲ್ಲಿ ಇದು ಸರಿಹೋಗುತ್ತದೆ, ಹಾಸ್ಟೆಲು, ಪಿ.ಜಿ. ವಸತಿ, ಪಕ್ಕದ ಮನೆಯವರಿಗೂ ವೈ-ಫೈ ಗುಪ್ತಪದ ಕೊಟ್ಟಿರುವ ಮನೆ, ಇವುಗಳಲ್ಲಿ ಸರಿಹೋಗದು. ಅಲ್ಲಿ ಹಂಚಿಕೆಯನ್ನು ಚಾಲೂ ಇಟ್ಟರೆ ಅದೇ ಜಾಲದಲ್ಲಿರುವ ಯಾರು ಬೇಕಾದರೂ ಫೋನಿನ ಪಟ್ಟಿಯನ್ನು ತೆರೆದು ನೋಡಬಹುದು. ಸಾಧನಗಳು ಪರಸ್ಪರ ಕಾಣದಂತೆ ಜಾಲದ ನಿರ್ವಾಹಕರು ಪ್ರತ್ಯೇಕಿಸಿದ್ದರೆ ಮಾತ್ರ ಈ ಅಪಾಯ ತಪ್ಪುತ್ತದೆ. ಆಗ ಟಿವಿಗೆ ಹಂಚುವುದೂ ಸಾಧ್ಯವಾಗುವುದಿಲ್ಲ.

ಇಂದಿನ ಫೋನಿನ ಗ್ಯಾಲರಿಯಲ್ಲಿ ಪ್ರವಾಸದ ಚಿತ್ರಗಳ ನಡುವೆಯೇ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ವೈದ್ಯಕೀಯ ವರದಿಗಳ ಚಿತ್ರಗಳೂ ಸೇರಿರುತ್ತವೆ. ಆದುದರಿಂದ ಇಡೀ ಗ್ಯಾಲರಿಯನ್ನು ತೆರೆದಿಡದೆ, ತೋರಿಸಬೇಕಾದ ಚಿತ್ರಗಳಿಗೆ ಬೇರೆ ಫೋಲ್ಡರ್ ಮಾಡಿ ಅದನ್ನಷ್ಟೇ ಹಂಚುವುದು, ಕೆಲಸ ಮುಗಿದ ಮೇಲೆ ಸರ್ವರನ್ನು ನಿಲ್ಲಿಸುವುದು ಲೇಸು. ಹೊಸ ಸಾಧನ ಬಂದಾಗ ಒಪ್ಪಿಗೆ ಕೇಳುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿದೆ.

ರೂಟರಿನ ಸೆಟ್ಟಿಂಗ್‌ನಲ್ಲಿ ಕಾಣುವ ಯುಪಿಎನ್‌ಪಿ ಎಂಬ ಆಯ್ಕೆಯನ್ನು ಇದರೊಂದಿಗೆ ಬೆರೆಸಬಾರದು. ಮನೆಯೊಳಗಿನ ಸಾಧನಗಳು ಹೊರಗಿನ ಅಂತರಜಾಲಕ್ಕೆ ತಾವಾಗಿಯೇ ಬಾಗಿಲು ತೆರೆದುಕೊಳ್ಳಲು ಬಿಡುವುದು ಆ ಆಯ್ಕೆಯ ಕೆಲಸ. ಸುರಕ್ಷತೆಗಾಗಿ ಅದನ್ನು ಮುಚ್ಚಿದರೂ ಫೋನಿನಿಂದ ಟಿವಿಗೆ ನಡೆಯುವ ಹಂಚಿಕೆ ಸಾಮಾನ್ಯವಾಗಿ ಎಂದಿನಂತೆಯೇ ನಡೆಯುತ್ತದೆ.