ಹಳೆಯ ಟ್ರ್ಯಾಕ್ಟರಿಗೆ ಪ್ರತಿನಿಧಿ ಭಾಗಗಳು

ಯಾಗಕ್ಕೆ ವಿಧಿಸಲ್ಪಟ್ಟ ವ್ರೀಹಿಯು, ಎಂದರೆ ಬತ್ತವು, ದೊರೆಯದೆ ಹೋದರೆ ಯಜಮಾನನು ಏನು ಮಾಡತಕ್ಕದ್ದು? ಕರ್ಮವನ್ನು ನಿಲ್ಲಿಸಬೇಕೆ, ಅಥವಾ ಬೇರೊಂದು ದ್ರವ್ಯದಿಂದ ನಡೆಯಿಸಬಹುದೆ? ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಜೈಮಿನಿಯು ಈ ವಿಷಯವನ್ನು ವಿಚಾರಿಸಿರುವನು. ವ್ರೀಹಿಯನ್ನು ಹೋಲುವ ನೀವಾರವೆಂಬ ಕಾಡುಬತ್ತವನ್ನು ಪ್ರತಿನಿಧಿಯಾಗಿ ತರಬಹುದು. ಆದರೆ ದೇವತೆ, ಅಗ್ನಿ, ಮಂತ್ರಗಳಿಗೆ ಪ್ರತಿನಿಧಿಯಿಲ್ಲ. ಸಾಮಾನ್ಯವಾಗಿ ಯಜಮಾನನಿಗೂ ಇಲ್ಲವೆಂಬುದು ಅಲ್ಲಿಯ ನಿರ್ಣಯ. ಪಾಠಶಾಲೆಯಲ್ಲಿ ಓದಿದ ಈ ಮಾತು ಮನೆಯಂಗಳದಲ್ಲಿ ಬಿಚ್ಚಿಟ್ಟ ಟ್ರ್ಯಾಕ್ಟರಿನ ಮುಂದೆ ನನಗೆ ಪ್ರಯೋಜನಕ್ಕೆ ಬಂದಿತೆಂದರೆ ವಾಚಕರು ನಗಬಹುದು. ಆದರೂ ಸಂಗತಿ ನಿಜವಾದುದು.

ನಮ್ಮ ಮನೆಯಲ್ಲಿರುವುದು ಎಚ್.ಎಂ.ಟಿ. ೨೫೧೧. ಜೆಕೊಸ್ಲೊವಾಕಿಯದ ಬ್ರನೋ ನಗರದ ಜೆಟರ್ ಕಾರ್ಖಾನೆಯ ವಿದ್ಯೆಯನ್ನು ಪಡೆದು, ಹರಿಯಾಣದ ಪಿಂಜೋರಿನಲ್ಲಿ ೧೯೭೧ರಲ್ಲಿ ಈ ಜಾತಿಯ ಟ್ರ್ಯಾಕ್ಟರುಗಳ ತಯಾರಿಕೆಯು ಆರಂಭವಾಯಿತು. ಎರಡು ಸಿಲಿಂಡರು, ೨೫ ಅಶ್ವಶಕ್ತಿ. ೨೦೧೬ರಲ್ಲಿ ಕೇಂದ್ರ ಸರಕಾರವು ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ನಿಶ್ಚಯಿಸಿತು. ತಾಯಿಯಿಲ್ಲದ ಮಗುವಿನಂತಾದ ಇಂತಹ ಯಂತ್ರಕ್ಕೆ ಒಂದು ಭಾಗವು ಮುರಿದರೆ, ಪ್ರತಿನಿಧಿಯನ್ನು ಅರಸದೆ ಗತ್ಯಂತರವಿಲ್ಲ.

ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ ಎಂಜಿನನ್ನು ಬಿಚ್ಚಿದಾಗ ಕನೆಕ್ಟಿಂಗ್ ರಾಡಿನ ಒಂದು ಬೋಲ್ಟು ಕೆಟ್ಟುದು ಕಂಡುಬಂದಿತು. ಪೇಟೆಯ ಒಬ್ಬ ವರ್ತಕನು ಉದ್ದ ದಪ್ಪಗಳಲ್ಲಿ ತದ್ರೂಪವಾದ ಮತ್ತೊಂದನ್ನು ಕೊಟ್ಟನು. ನಾವೂ ಸಂತೋಷದಿಂದ ತಂದೆವು. ಉತ್ತ ಮೂರನೆಯ ದಿನವೇ ಅದು ತುಂಡಾಗಿ, ರಾಡು ಕ್ರ್ಯಾಂಕ್‌ಕೇಸಿನ ಗೋಡೆಯನ್ನು ಭೇದಿಸಿಕೊಂಡು ಹೊರಬಂದಿತು. ಹರಪನಹಳ್ಳಿ ಸೀಮೆಯ ಖುಷ್ಕಿ ಹೊಲಗಳಿಗೆ ಮುಂಗಾರಿನ ಹದವೇ ಸರ್ವಸ್ವ. ಬಾಡಿಗೆಯ ಟ್ರ್ಯಾಕ್ಟರು ದೊರೆಯುವ ವೇಳೆಗೆ ಹದವು ಆರಿಹೋಗಿತ್ತು. ಮೆಕ್ಕೆಜೋಳದ ಬಿತ್ತನೆಯು ತಪ್ಪಿತು. ಒಂದು ಬೋಲ್ಟಿನ ಬೆಲೆಯನ್ನು ಉಳಿಸಹೋಗಿ ಒಂದು ವರ್ಷದ ಬೆಳೆಯನ್ನು ಕಳೆದುಕೊಂಡೆವು.

ದೋಷವೆಲ್ಲಿತ್ತು? ಆಕಾರದಲ್ಲಿ ಅಲ್ಲ, ಸತ್ತ್ವದಲ್ಲಿ. ಉತ್ತಮ ಬೋಲ್ಟಿನ ತಲೆಯ ಮೇಲೆ ೮.೮, ೧೦.೯ ಎಂಬಂತಹ ಅಂಕಗಳನ್ನು ಒತ್ತಿರುವರು. ಮೊದಲಿನ ಅಂಕವನ್ನು ನೂರರಿಂದ ಗುಣಿಸಿದರೆ, ಚದರ ಮಿಲ್ಲಿಮೀಟರಿಗೆ ಎಷ್ಟು ನ್ಯೂಟನ್ ಸೆಳೆತಕ್ಕೆ ಅದು ತುಂಡಾಗುವುದೆಂಬುದು ತಿಳಿಯುವುದು; ಎರಡನೆಯ ಅಂಕವು ಅದರಲ್ಲಿ ಹತ್ತನೆಯ ಎಷ್ಟು ಪಾಲಿನವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲುವುದೆಂಬುದನ್ನು ಹೇಳುವುದು. ನಾವು ತಂದುದರ ತಲೆಯು ಬೋಳಾಗಿತ್ತು. ರಾಡು, ಸಿಲಿಂಡರಿನ ತಲೆ, ಬ್ರೇಕು ಇವುಗಳ ಬೋಲ್ಟುಗಳನ್ನು ಮಂತ್ರದಂತೆಯೇ ಎಣಿಸಬೇಕು. ಇಲ್ಲಿ ಹೋಲಿಕೆಯು ಸಾಲದು.

ಹಾಗೆಂದು ಎಲ್ಲಕ್ಕೂ ಹೆದರಬೇಕಾದುದಿಲ್ಲ. ಬೇರಿಂಗುಗಳಲ್ಲಿ ಸಂಖ್ಯೆಯೇ ಗೋತ್ರ. ೬೨೦೫ ಎಂದಿದ್ದರೆ, ಕಡೆಯ ೦೫ನ್ನು ಐದರಿಂದ ಗುಣಿಸಿರಿ. ಒಳವ್ಯಾಸವು ೨೫ ಮಿಲ್ಲಿಮೀಟರು. ಹೊರವ್ಯಾಸ ೫೨, ಅಗಲ ೧೫. ಯಾವ ದೇಶದ ಯಾವ ಕಾರ್ಖಾನೆಯದಾದರೂ ಈ ಅಳತೆ ಬದಲಾಗದು. ಆಯಿಲ್ ಸೀಲಿಗೂ ಹೀಗೆಯೇ ದಂಡದ ವ್ಯಾಸ, ರಂಧ್ರದ ವ್ಯಾಸ, ಅಗಲ ಎಂಬ ಮೂರು ಅಂಕಗಳಿರುವುವು. ಇವೇ ನಮ್ಮ ನೀವಾರಗಳು. ಟ್ರ್ಯಾಕ್ಟರಿನ ಹೆಸರನ್ನು ಹೇಳದೆ ಸಂಖ್ಯೆಯನ್ನೇ ಕೇಳಿ ಕೊಳ್ಳಬಹುದು.

ಇವೆರಡರ ನಡುವೆ, ಅಳೆದು ಒಪ್ಪತಕ್ಕ ಭಾಗಗಳಿವೆ. ಜೆಟರ್ ೨೦೧೧, ೩೦೧೧, ೪೦೧೧ ಎಂಬ ಎರಡು, ಮೂರು, ನಾಲ್ಕು ಸಿಲಿಂಡರುಗಳ ಸಹೋದರರಲ್ಲಿ ಸಿಲಿಂಡರಿನ ವ್ಯಾಸವು ೯೫ ಮಿಲ್ಲಿಮೀಟರು, ಪಿಸ್ಟನ್ನಿನ ನಡೆಯು ೧೧೦. ಇಂತಹ ಬಾಂಧವ್ಯವನ್ನು ಅರಿತವನು ಮೊದಲು ಎಂಜಿನಿನ ದಾಯಾದಿಗಳಲ್ಲಿ ಹುಡುಕುವನು. ಕ್ರ್ಯಾಂಕ್ ದಂಡವು ಸವೆದಿದ್ದರೆ ೦.೨೫ ಅಥವಾ ೦.೫೦ ಮಿಲ್ಲಿಮೀಟರು ಉಜ್ಜಿಸಿ, ಅದಕ್ಕೆ ತಕ್ಕ ದಪ್ಪದ ಬೇರಿಂಗನ್ನು ಕೂಡಿಸುವರು. ಪಿಸ್ಟನ್ನಿನ ಉಂಗುರವನ್ನು ಸಿಲಿಂಡರಿನೊಳಗಿಟ್ಟು ಅದರ ತುದಿಗಳ ನಡುವಣ ಸಂದನ್ನು ನೋಡಬೇಕು. ನೂರು ಮಿಲ್ಲಿಮೀಟರು ವ್ಯಾಸಕ್ಕೆ ಸುಮಾರು ೦.೩ರಿಂದ ೦.೪ ಇದ್ದರೆ ಸರಿ. ಸಂದಿಲ್ಲದಿದ್ದರೆ ಕಾದಾಗ ತುದಿಗಳು ತಾಗಿ ಉಂಗುರವು ಮುರಿಯುವುದು. ಮರೆಯಲ್�ಿ ವಂಚಿಸುವುದು ಮರೆಯು, ಎಂದರೆ ಸ್ಕ್ರೂವಿನ ಸುತ್ತು. ಜೆಟರ್ ಕುಲದ್ದು ಮಿಲ್ಲಿಮೀಟರಿನ ಲೆಕ್ಕ. ಬ್ರಿಟಿಷ್ ಮೂಲದ ಬಿ-೨೭೫ರದು ಅಂಗುಲದ ಲೆಕ್ಕ. ಅರ್ಧ ಅಂಗುಲದ ನಟ್ಟು ೧೨ ಮಿಲ್ಲಿಮೀಟರಿನ ಬೋಲ್ಟಿಗೆ ಸಡಿಲವಾಗಿ ಏರುವುದು, ಬಿಗಿಯುವಾಗ ಕಿತ್ತುಬರುವುದು. ಇಂಧನ ಪಂಪಿನ ಪ್ಲಂಜರು ಮತ್ತು ಅದರ ಕೊಳವೆಯಾದರೋ ಒಂದಕ್ಕೊಂದು ಉಜ್ಜಿ ಕೂಡಿಸಿದ ದಂಪತಿಗಳು. ಆ ಜೋಡಿಯನ್ನು ಅಗಲಿಸಿ ಬೇರೆಯದರೊಡನೆ ಸೇರಿಸಲಾಗದು.

ನಮ್ಮ ಒಡೆದ ಕ್ರ್ಯಾಂಕ್‌ಕೇಸಿಗೆ ಕಡೆಗೆ ದಾವಣಗೆರೆಯ ಗುಜರಿಯೊಂದರಲ್ಲಿ ಅದೇ ಜಾತಿಯ ಇನ್ನೊಂದು ದೊರೆಯಿತು. ಈ ಸಲ ನನ್ನ ಮಗನು ವರ್ನಿಯರ್ ಕ್ಯಾಲಿಪರನ್ನು ಕೊಂಡು, ಪ್ರತಿಯೊಂದನ್ನೂ ಎರಡು ಸಲ ಅಳೆದು, ಪುಸ್ತಕದಲ್ಲಿ ಬರೆದುಕೊಂಡನು. ಮರುವರ್ಷದ ಮಳೆಗೆ ಟ್ರ್ಯಾಕ್ಟರು ಹೊಲಕ್ಕಿಳಿಯಿತು. ಕಳೆದ ವರ್ಷದ ಸಾಲವು ಮಾತ್ರ ಬಹುಕಾಲ ಉಳಿಯಿತು.

ಗೃಹಸ್ಥರಲ್ಲಿ ನನ್ನದೊಂದು ವಿನಂತಿ. ಮುರಿದ ಹಳೆಯ ಭಾಗವನ್ನು ಎಸೆಯಬೇಡಿರಿ. ಅಳತೆಗೆ ಅದೇ ಪ್ರಮಾಣ. ಅದನ್ನು ಪೇಟೆಗೆ ಕೊಂಡೊಯ್ದು, ಹೊಸದರ ಪಕ್ಕದಲ್ಲಿಟ್ಟು, ಅಂಕಗಳನ್ನು ನೀವೇ ಓದಿರಿ. ಭಾಗಕ್ಕೆ ಪ್ರತಿನಿಧಿಯು ದೊರೆಯಬಹುದು, ನೋಡುವ ಯಜಮಾನನಿಗೆ ದೊರೆಯನು.